ಬಲ ಎಲ್ಲಿ ನಿಂತಿತು?

ಹಳೆಯ ಐಷಾರಾಮಿ ಕಾರನ್ನು ಇಟ್ಟುಕೊಂಡವರ ಹತ್ತಿರ ದುರಸ್ತಿಯ ಪಟ್ಟಿಯೊಂದು ಇದ್ದೇ ಇರುತ್ತದೆ. ಬ್ರೇಕು, ಸ್ಟೀರಿಂಗು, ಟೈರು ಎಲ್ಲಕ್ಕಿಂತ ಮೇಲೆ. ಎ.ಸಿ., ಕಿಟಕಿ ಗಾಜು ನಡುವೆ. ಹೆಡ್‌ರೆಸ್ಟನ್ನು ಏರಿಸಿ ಇಳಿಸುವ ಮೋಟರು ಕೊನೆಯ ಸಾಲಿನಲ್ಲಿ. ಅದು ಸುಖಕ್ಕೆ ಇಟ್ಟದ್ದು, ಕೆಟ್ಟರೆ ಕೆಟ್ಟಿತು ಎಂಬ ಭಾವನೆ ಬಹಳ ಜನರಲ್ಲಿದೆ. ಹಾಗಾಗಿ ಅದು ಎಲ್ಲಿ ನಿಂತಿತೋ ಅಲ್ಲೇ, ಹೆಚ್ಚಿನ ಸಲ ತೀರಾ ಕೆಳಗೆ, ವರ್ಷಗಟ್ಟಲೆ ಉಳಿದುಬಿಡುತ್ತದೆ.

ಆ ಸಾಲನ್ನು ಪಟ್ಟಿಯ ಮೇಲ್ಭಾಗಕ್ಕೆ ಏರಿಸಬೇಕು ಎಂಬುದು ಈ ಅಧ್ಯಾಯದ ವಾದ. ಜೊತೆಗೆ, ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಈ ಯಂತ್ರವನ್ನು ಬಿಚ್ಚಿದರೆ ವಿದ್ಯುತ್ತು, ಘರ್ಷಣೆ, ಪ್ಲಾಸ್ಟಿಕ್ಕಿನ ರಸಾಯನ ಮೂರೂ ಒಂದೇ ಕಡೆ ಕಾಣಸಿಗುತ್ತವೆ. ವಿಜ್ಞಾನ ಕಲಿಯಲು ಇಷ್ಟು ಅನುಕೂಲವಾದ ಜಾಗ ಕಾರಿನಲ್ಲಿ ಇನ್ನೊಂದಿಲ್ಲ.

ಕತ್ತಿಗೆ ಏನಾಗುತ್ತದೆ

ನಿಂತ ಕಾರಿಗೆ ಹಿಂದಿನಿಂದ ಇನ್ನೊಂದು ಗಾಡಿ ಗುದ್ದಿತು ಎನ್ನಿ. ಕಾರು ಮುಂದಕ್ಕೆ ನೆಗೆಯುತ್ತದೆ, ಸೀಟಿನ ಬೆನ್ನು ನಮ್ಮ ಬೆನ್ನನ್ನು ಮುಂದಕ್ಕೆ ತಳ್ಳುತ್ತದೆ. ತಲೆಯನ್ನು ತಳ್ಳುವವರು ಯಾರೂ ಇಲ್ಲ. ನಾಲ್ಕೂವರೆಯಿಂದ ಐದು ಕಿಲೋ ತೂಗುವ ತಲೆ ಜಡತ್ವದಿಂದ ಇದ್ದಲ್ಲೇ ಇರಲು ನೋಡುತ್ತದೆ. ಎದೆ ಮುಂದಕ್ಕೆ ಹೋಯಿತು, ತಲೆ ಹಿಂದುಳಿಯಿತು, ಈ ಎರಡರ ನಡುವಿನ ವ್ಯತ್ಯಾಸವನ್ನೆಲ್ಲ ಕತ್ತು ಒಂದೇ ತಾಳಿಕೊಳ್ಳಬೇಕು.

ಕತ್ತು ಹಿಂದಕ್ಕೆ ಅತಿಯಾಗಿ ಬಾಗುವುದರಿಂದ ಪೆಟ್ಟಾಗುತ್ತದೆ ಎಂದು ಬಹುಕಾಲ ತಿಳಿಯಲಾಗಿತ್ತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಮನೋಹರ್ ಪಂಜಾಬಿ ಮತ್ತು ಸಹೋದ್ಯೋಗಿಗಳು 1997ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸೂಕ್ಷ್ಮವಾದದ್ದನ್ನು ತೋರಿಸಿತು. ಗುದ್ದಿದ ಮೊದಲ ಕ್ಷಣಗಳಲ್ಲಿ, ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ, ಕತ್ತಿನ ಕೆಳಗಿನ ಕಶೇರುಗಳು ಹಿಂದಕ್ಕೂ ಮೇಲಿನವು ಮುಂದಕ್ಕೂ ಬಾಗುತ್ತವೆ. ಕತ್ತು ಇಂಗ್ಲಿಷಿನ ಎಸ್ ಅಕ್ಷರದ ಆಕಾರ ತಾಳುತ್ತದೆ. ತಲೆ ಇನ್ನೂ ಹಿಂದಕ್ಕೆ ವಾಲಿಯೇ ಇರುವುದಿಲ್ಲ, ಅಷ್ಟರಲ್ಲಿ ಕೆಳಗಿನ ಕೀಲುಗಳು ಮಿತಿ ಮೀರಿ ಹಿಗ್ಗಿರುತ್ತವೆ.

ಇದರಿಂದ ಹೊರಡುವ ತೀರ್ಮಾನ ಸರಳ. ತಲೆ ಹಿಂದುಳಿಯಲು ಅವಕಾಶವೇ ಸಿಗಬಾರದು. ಹೆಡ್‌ರೆಸ್ಟು ತಲೆಗೆ ಹತ್ತಿರವಿರಬೇಕು, ತಲೆಯ ಗುರುತ್ವಕೇಂದ್ರವನ್ನು ತಡೆಯುವಷ್ಟು ಎತ್ತರದಲ್ಲಿರಬೇಕು. ಕತ್ತಿನ ಮಟ್ಟದಲ್ಲಿ ನಿಂತ ಹೆಡ್‌ರೆಸ್ಟು ತಲೆಯನ್ನು ತಡೆಯುವುದಿಲ್ಲ. ತಲೆ ಅದರ ಮೇಲಿಂದ ಹಿಂದಕ್ಕೆ ಮಗುಚುವಾಗ ಅದು ಸನ್ನೆಗೋಲಿನ ಆನಿಕೆಯಂತೆ ವರ್ತಿಸಿ ಕೆಡುಕನ್ನು ಹೆಚ್ಚಿಸಲೂಬಹುದು.

ಕ್ಯಾಲಿಫೋರ್ನಿಯಾದ ಓಕ್‌ಲೆಂಡಿನ ಬೆಂಜಮಿನ್ ಕಾಟ್ಸ್ ಕಾರಿನ ಹೆಡ್‌ರೆಸ್ಟಿಗೆ ಪೇಟೆಂಟ್ ಕೇಳಿದ್ದು 1921ರಲ್ಲಿ. ಕಾನೂನು ಅದನ್ನು ಗಂಭೀರವಾಗಿ ತೆಗೆದುಕೊಳ್ಳಲು ಅರ್ಧ ಶತಮಾನದ ಹತ್ತಿರ ಹಿಡಿಯಿತು. 1969ರ ಜನವರಿ 1ರಿಂದ ಅಮೆರಿಕದಲ್ಲಿ ಮಾರುವ ಹೊಸ ಕಾರುಗಳ ಮುಂದಿನ ಸೀಟುಗಳಿಗೆ ಅದು ಕಡ್ಡಾಯವಾಯಿತು. 1982ರಲ್ಲಿ ಅಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆ ಇದರ ಫಲವನ್ನು ಅಳೆದು ನೋಡಿತು. ಹಿಂದಿನಿಂದ ಗುದ್ದಿಸಿಕೊಂಡಾಗ ಗಾಯವಾಗುವ ಸಂಭವವನ್ನು ಸೀಟಿನ ಜೊತೆಗೇ ಎರಕವಾದ ಸ್ಥಿರ ಹೆಡ್‌ರೆಸ್ಟುಗಳು ಶೇ. 17ರಷ್ಟು ಇಳಿಸಿದ್ದವು. ಏರಿಸಿ ಇಳಿಸಬಲ್ಲವು ಇಳಿಸಿದ್ದು ಶೇ. 10 ಮಾತ್ರ. ಹೆಚ್ಚಿನ ಸೌಲಭ್ಯವಿದ್ದದ್ದು ಕಡಿಮೆ ಕಾಪಾಡಿತ್ತು, ಏಕೆಂದರೆ ಬಹುಪಾಲು ಜನ ಅದನ್ನು ಏರಿಸುವ ಗೋಜಿಗೇ ಹೋಗಿರಲಿಲ್ಲ.

ಮೋಟರ್ ಇಟ್ಟ ಹೆಡ್‌ರೆಸ್ಟಿನ ಮಹತ್ವ ಇರುವುದು ಇಲ್ಲಿ. ಗುಂಡಿ ಒತ್ತಿದರೆ ಸಾಕು ಎಂದಾದಾಗ ಜನ ಸರಿಪಡಿಸಿಕೊಳ್ಳುತ್ತಾರೆ. ಅದೇ ಮೋಟರು ಕೆಟ್ಟು ಕೆಳಗೆ ನಿಂತರೆ, ಕೈಯಿಂದ ಎತ್ತಿ ಇಡುವ ದಾರಿಯೂ ಇಲ್ಲದೆ, ಕತ್ತು ಹಳೆಯ ಅಪಾಯಕ್ಕೇ ಮರಳುತ್ತದೆ.

ಗುಂಡಿಯಿಂದ ದಿಂಬಿನವರೆಗೆ

ಮರ್ಸಿಡಿಸ್-ಬೆಂಜ್‌ನ ಡಬ್ಲ್ಯು126 ಎಸ್-ಕ್ಲಾಸ್ ಕಾರು 1979ರ ಸೆಪ್ಟೆಂಬರಿನಲ್ಲಿ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದಲ್ಲಿ ಹೊರಬಂತು. ಈ ಸರಣಿಯ ಎಂಟು ಲಕ್ಷಕ್ಕೂ ಹೆಚ್ಚು ಸೆಡಾನುಗಳು ತಯಾರಾದವು. ವಿದ್ಯುತ್ ಸೀಟು ಇರುವ ಕಾರುಗಳಲ್ಲಿ ಬಾಗಿಲ ಮೇಲಿನ ಸ್ವಿಚ್ಚಿಗೆ ಸೀಟಿನದೇ ಆಕಾರ. ಬೆನ್ನಿನ ತುಂಡನ್ನು ಬಾಗಿಸಿದರೆ ಸೀಟಿನ ಬೆನ್ನು ಬಾಗುತ್ತದೆ, ಹೆಡ್‌ರೆಸ್ಟಿನ ತುಂಡನ್ನು ಮೇಲಕ್ಕೆ ತಳ್ಳಿದರೆ ಹೆಡ್‌ರೆಸ್ಟು ಏರುತ್ತದೆ. ಕೈಪಿಡಿ ಓದದೆಯೇ ಬಳಸಬಹುದಾದ ಈ ವಿನ್ಯಾಸವನ್ನು ಆಮೇಲೆ ಬೇರೆ ತಯಾರಕರೂ ಅನುಸರಿಸಿದರು. ಅದೇ ಕಾಲದ ಡಬ್ಲ್ಯು124 ಸರಣಿಯ ಕಾರುಗಳ ಜೋಡಣೆ ನಮ್ಮ ದೇಶದಲ್ಲೂ, ಪುಣೆಯಲ್ಲಿ, 1995ರಲ್ಲಿ ಶುರುವಾಯಿತು. ಆ ಪೀಳಿಗೆಯ ಕಾರುಗಳು ಇಂದು ಮೂವತ್ತು ವರ್ಷದ ಆಸುಪಾಸಿನಲ್ಲಿವೆ.

ಆ ಕಾಲದ ಹೆಡ್‌ರೆಸ್ಟ್ ಯಂತ್ರಗಳು ತಯಾರಕರಿಂದ ತಯಾರಕರಿಗೆ ಅಷ್ಟಿಷ್ಟು ಬೇರೆಯಾದರೂ ಬಲ ಹರಿಯುವ ದಾರಿ ಹೆಚ್ಚುಕಡಿಮೆ ಒಂದೇ. ಬ್ಯಾಟರಿಯಿಂದ ಫ್ಯೂಸು, ಸ್ವಿಚ್ಚು, ಅಲ್ಲಿಂದ ಶಾಶ್ವತ ಕಾಂತದ ಪುಟ್ಟ 12 ವೋಲ್ಟ್ ಮೋಟರು. ಮೋಟರಿನ ಅಚ್ಚಿನ ಮೇಲೆ ವರ್ಮ್, ಅಂದರೆ ತಿರುಪಿನ ಸುರುಳಿಯಂಥ ಗೇರ್. ಅದರ ಹಲ್ಲಿಗೆ ಕಚ್ಚಿಕೊಂಡು ತಿರುಗುವ ಪ್ಲಾಸ್ಟಿಕ್ ಚಕ್ರ. ಆ ತಿರುಗುವಿಕೆಯನ್ನು ಒಂದು ತಿರುಪಿನ ದಂಡವೋ ಹಲ್ಲಿನ ಪಟ್ಟಿಯೋ ನೇರ ಚಲನೆಯಾಗಿ ಬದಲಿಸುತ್ತದೆ. ಅದು ಅಡ್ಡಪಟ್ಟಿಯೊಂದನ್ನು ಎತ್ತುತ್ತದೆ, ಅಡ್ಡಪಟ್ಟಿ ಹೆಡ್‌ರೆಸ್ಟಿನ ಎರಡು ಉಕ್ಕಿನ ಕಾಲುಗಳನ್ನು ಎತ್ತುತ್ತದೆ. ಮೋಟರನ್ನು ದೂರದಲ್ಲಿ ಇಡಬೇಕಾದ ಕಡೆ ನಡುವೆ ಬಾಗುವ ಕೇಬಲ್ ಬರುತ್ತದೆ.

ವರ್ಮ್ ಗೇರನ್ನೇ ಏಕೆ ಆರಿಸಿದರು? ಒಂದು ಕಾರಣ ವೇಗ. ಮೋಟರು ನಿಮಿಷಕ್ಕೆ 3,000 ಸುತ್ತು ಸುತ್ತುತ್ತದೆ ಎಂದುಕೊಳ್ಳಿ. ವರ್ಮ್ ಒಂದು ಸುತ್ತು ಮುಗಿಸಿದಾಗ ಚಕ್ರ ಒಂದೇ ಹಲ್ಲು ಮುಂದೆ ಹೋಗುತ್ತದೆ. ಚಕ್ರಕ್ಕೆ 50 ಹಲ್ಲಿದ್ದರೆ ಅದರ ವೇಗ ನಿಮಿಷಕ್ಕೆ 60 ಸುತ್ತು, ಅಂದರೆ ಸೆಕೆಂಡಿಗೊಂದು. ಅದಕ್ಕೆ ಜೋಡಿಸಿದ ತಿರುಪು ಸುತ್ತಿಗೆ 3 ಮಿಲಿಮೀಟರ್ ಏರುವಂತಿದ್ದರೆ ಹೆಡ್‌ರೆಸ್ಟು 60 ಮಿಲಿಮೀಟರ್ ಏರಲು 20 ಸೆಕೆಂಡು. ಒಂದೇ ಜೋಡಿ ಗೇರಿನಲ್ಲಿ ಇಷ್ಟು ನಿಧಾನ, ಇಷ್ಟು ಬಲ ಬೇರೆ ಯಾವ ಗೇರಿನಿಂದಲೂ ಸುಲಭಕ್ಕೆ ಸಿಗದು.

ಎರಡನೆಯ ಕಾರಣ ಇನ್ನೂ ದೊಡ್ಡದು. ವರ್ಮ್ ಚಕ್ರವನ್ನು ತಿರುಗಿಸುತ್ತದೆ, ಆದರೆ ಚಕ್ರ ವರ್ಮನ್ನು ತಿರುಗಿಸಲಾರದು. ವರ್ಮಿನ ಸುರುಳಿ ಎಷ್ಟು ಓರೆಯಾಗಿದೆ ಎಂಬ ಕೋನ, ಎರಡು ಮೇಲ್ಮೈಗಳ ಘರ್ಷಣೆ ನಿರ್ಧರಿಸುವ ಕೋನಕ್ಕಿಂತ ಚಿಕ್ಕದಾಗಿದ್ದರೆ, ಹಿಂದಿನಿಂದ ಎಷ್ಟು ಒತ್ತಿದರೂ ಅದು ಜಾರುವುದಿಲ್ಲ. ಘರ್ಷಣಾಂಕ 0.15 ಇದ್ದರೆ ಆ ಮಿತಿ ಸುಮಾರು 8.5 ಡಿಗ್ರಿ. ಹೀಗಾಗಿ ಮೋಟರಿಗೆ ವಿದ್ಯುತ್ ಇಲ್ಲದಿದ್ದರೂ, ಬೇರೆ ಬ್ರೇಕು ಕೊಕ್ಕೆ ಇಲ್ಲದಿದ್ದರೂ, ತಲೆಯ ಭಾರಕ್ಕೆ ಹೆಡ್‌ರೆಸ್ಟು ಕುಸಿಯುವುದಿಲ್ಲ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಹೀಗೆ ತನ್ನನ್ನು ತಾನೇ ಬಿಗಿದುಕೊಳ್ಳುವ ಗೇರಿನ ದಕ್ಷತೆ ಶೇ. 50ನ್ನು ದಾಟುವುದಿಲ್ಲ. ಮೋಟರು ಕೊಟ್ಟ ಶಕ್ತಿಯಲ್ಲಿ ಅರ್ಧಕ್ಕೂ ಹೆಚ್ಚು ಹಲ್ಲಿನ ಮೇಲೆ ಉಜ್ಜಿ ಶಾಖವಾಗಿ ಹೋಗುತ್ತದೆ. ಮುಂದೆ ನಾವು ನೋಡುವ ಸವೆತದ ಬೀಜ ಇಲ್ಲೇ ಇದೆ.

ಕಿವಿಯಿಂದ ಶುರು

ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಮೊದಲು ಸ್ಕ್ರೂಡ್ರೈವರ್ ಹಿಡಿಯುವುದಿಲ್ಲ. ಸ್ವಿಚ್ ಒತ್ತಿ ಕಿವಿ ಕೊಡುತ್ತಾರೆ. ಬಲ ಒಂದು ದಾರಿಯಲ್ಲಿ ಹರಿಯುತ್ತಿತ್ತು, ಈಗ ಎಲ್ಲೋ ನಿಂತಿದೆ. ಎಲ್ಲಿ ನಿಂತಿತು ಎಂಬುದನ್ನು ಸದ್ದೇ ಹೇಳುತ್ತದೆ.

ಏನೂ ಸದ್ದಿಲ್ಲದಿದ್ದರೆ ತೊಂದರೆ ಮೋಟರಿನವರೆಗಿನ ವಿದ್ಯುತ್ ದಾರಿಯಲ್ಲಿ ಅಥವಾ ಮೋಟರಿನಲ್ಲಿ. ಮೋಟರು ಗುಂಯ್ಗುಡುತ್ತಿದ್ದು ಹೆಡ್‌ರೆಸ್ಟು ಅಲುಗದಿದ್ದರೆ ಬಲ ಮೋಟರಿನ ಆಚೆ ಕಡಿದಿದೆ: ಚಕ್ರದ ಹಲ್ಲು ಹೋಗಿದೆ ಅಥವಾ ಕೇಬಲ್ ಜಾರಿದೆ. ಕಟಕಟ ಎಂದು ತಾಳಬದ್ಧವಾಗಿ ಬಡಿದರೆ ಹಲ್ಲು ಹಲ್ಲಿನ ಮೇಲೆ ಹಾರುತ್ತಿದೆ. ಒಮ್ಮೆ ಮುಲುಗಿ ಸುಮ್ಮನಾದರೆ ಮೋಟರಿಗೆ ಶಕ್ತಿಯಿದೆ, ಮುಂದೆ ಏನೋ ಸಿಕ್ಕಿಹಾಕಿಕೊಂಡಿದೆ.

ಸದ್ದಿಲ್ಲದ ಕಾಯಿಲೆಯಲ್ಲಿ ಮಲ್ಟಿಮೀಟರ್ ಒಂದು ಮೋಸ ಮಾಡುತ್ತದೆ. ಮೋಟರಿನ ಪ್ಲಗ್ ಕಿತ್ತು ತಂತಿಗಳಿಗೆ ಮೀಟರ್ ಹಿಡಿದರೆ 12 ವೋಲ್ಟ್ ಸರಿಯಾಗಿಯೇ ತೋರಿಸುತ್ತದೆ. ಹಾಗಾದರೆ ಮೋಟರು ಸುಟ್ಟಿದೆ ಎಂದು ಹಲವರು ತೀರ್ಮಾನಿಸಿಬಿಡುತ್ತಾರೆ. ಓಮನ ನಿಯಮ ನೆನಪಿಸಿಕೊಂಡರೆ ಆ ತಪ್ಪಾಗದು. ಸ್ವಿಚ್ಚಿನ ಕಪ್ಪುಗಟ್ಟಿದ ಸಂಪರ್ಕಬಿಂದು 2 ಓಮ್ ತಡೆ ಒಡ್ಡುತ್ತಿದೆ ಎನ್ನಿ. ಮೀಟರು ಎಳೆಯುವ ವಿದ್ಯುತ್ತು ತೀರಾ ಅತ್ಯಲ್ಪ, ಅದಕ್ಕೆ ಆ ತಡೆ ಲೆಕ್ಕಕ್ಕೇ ಇಲ್ಲ. ಮೋಟರು 2 ಆಂಪಿಯರ್ ಎಳೆದಾಗ ಅದೇ ಬಿಂದುವಿನಲ್ಲಿ 4 ವೋಲ್ಟ್ ಕಳೆದುಹೋಗುತ್ತದೆ, ಮೋಟರಿಗೆ ಉಳಿಯುವುದು 8. ಆದ್ದರಿಂದ ಪ್ಲಗ್ ಜೋಡಿಸಿಯೇ, ಸ್ವಿಚ್ ಒತ್ತಿ ಹಿಡಿದೇ ವೋಲ್ಟ್ ಅಳೆಯಬೇಕು. ಬಹಳ ಸಲ ಸ್ವಿಚ್ ಬಿಚ್ಚಿ ಸಂಪರ್ಕಗಳನ್ನು ಶುಚಿ ಮಾಡಿದರೆ ಕೆಲಸ ಅಲ್ಲಿಗೇ ಮುಗಿಯುತ್ತದೆ, ಸೀಟಿಗೆ ಕೈ ಹಚ್ಚುವ ಅಗತ್ಯವೇ ಬರುವುದಿಲ್ಲ.

ಸಿಕ್ಕಿಹಾಕಿಕೊಂಡ ಮೋಟರು ಬಿಸಿಯಾಗುವುದಕ್ಕೂ ಕಾರಣವಿದೆ. ತಿರುಗುವ ಮೋಟರು ಜೊತೆಜೊತೆಗೇ ಜನರೇಟರ್ ಕೂಡ. ಅದು ಬ್ಯಾಟರಿಗೆ ಎದುರಾಗಿ ತನ್ನದೇ ವೋಲ್ಟೇಜ್ ಹುಟ್ಟಿಸುತ್ತದೆ. ಸುರುಳಿಯ ತಡೆ 1 ಓಮ್ ಇದ್ದು ಮೋಟರು 2 ಆಂಪಿಯರ್ ಎಳೆಯುತ್ತಿದ್ದರೆ, 12ರಲ್ಲಿ 10 ವೋಲ್ಟನ್ನು ಈ ಎದುರು ವೋಲ್ಟೇಜೇ ಹಿಡಿದಿಟ್ಟಿದೆ ಎಂದರ್ಥ. ಮೋಟರು ನಿಂತ ಕೂಡಲೇ ಅದು ಸೊನ್ನೆ, ವಿದ್ಯುತ್ತು 12 ಆಂಪಿಯರಿಗೆ ಜಿಗಿಯುತ್ತದೆ. ಶಾಖ ವಿದ್ಯುತ್ತಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಅದು 36 ಪಟ್ಟಾಗುತ್ತದೆ. ಇದಕ್ಕೆಂದೇ ಅನೇಕ ಸೀಟ್ ಮೋಟರುಗಳ ಒಳಗೆ ಬಿಸಿಯಾದಾಗ ತಡೆ ಏರಿಸಿಕೊಳ್ಳುವ ಬಿಲ್ಲೆಯೊಂದು ಇರುತ್ತದೆ. ಮೋಟರು ಸತ್ತಂತೆ ಕಂಡು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಎದ್ದರೆ, ಅದು ಆ ಬಿಲ್ಲೆಯ ಕೆಲಸ.

ಮುರಿದ ಹಲ್ಲಿನ ಸಾಕ್ಷ್ಯ

ಸೀಟಿಗೆ ಕೈ ಹಾಕುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಸೀಟಿನ ಕೆಳಗೆ ಹಳದಿ ಪ್ಲಗ್ ಕಂಡರೆ ಅದು ಏರ್‌ಬ್ಯಾಗಿಗೋ ಸೀಟ್‌ಬೆಲ್ಟ್ ಬಿಗಿಯುವ ಸಿಡಿಮದ್ದಿಗೋ ಸೇರಿದ್ದು; ಅಂಥ ಸೀಟನ್ನು ತಿಳಿದವರ ಕೈಗೇ ಕೊಡಬೇಕು. ಬೆನ್ನಿನ ಹಿಂಬದಿಯ ಹಲಗೆಯನ್ನು ಕ್ಲಿಪ್ಪುಗಳು ಹಿಡಿದಿರುತ್ತವೆ. ಅವೂ ಹಳೆಯ ಪ್ಲಾಸ್ಟಿಕ್ಕೇ, ಆದ್ದರಿಂದ ಚಳಿಯ ಬೆಳಗ್ಗೆ ಎಳೆಯುವುದಕ್ಕಿಂತ ಸೀಟು ಬೆಚ್ಚಗಾದ ಮೇಲೆ ಎಳೆಯುವುದು ಮೇಲು.

ಗೇರ್ ಪೆಟ್ಟಿಗೆ ತೆರೆದಾಗ ಮೊದಲು ಕಾಣುವುದು ಗ್ರೀಸು. ಗ್ರೀಸ್ ಎಂದರೆ ಸಾಬೂನಿನ ಎಳೆಗಳ ಜಾಲದಲ್ಲಿ ಹಿಡಿದಿಟ್ಟ ಎಣ್ಣೆ. ದಶಕಗಳಲ್ಲಿ ಎಣ್ಣೆ ಒಸರಿ ಹೋಗಿ, ಉಳಿದದ್ದು ಗಾಳಿಯ ಆಮ್ಲಜನಕದೊಂದಿಗೆ ಬೆರೆತು ಗಟ್ಟಿಯಾಗಿ, ಕಂದು ಮೇಣದಂಥ ವಸ್ತು ಹಲ್ಲುಗಳ ಸಂದಿನಲ್ಲಿ ಕೂತಿರುತ್ತದೆ. ಜಾರಿಸಬೇಕಾದದ್ದೇ ಈಗ ಹಿಡಿದು ನಿಲ್ಲಿಸುತ್ತಿದೆ. ಉಗುರಿನಿಂದ ಕೆರೆದರೆ ಚಕ್ಕೆಯಾಗಿ ಏಳುತ್ತದೆ. ಅದನ್ನು ತೆಗೆದು, ಚಕ್ರವನ್ನು ಒರೆಸಿ, ಭೂತಗನ್ನಡಿ ಹಿಡಿದು ನೋಡಿ.

ಮುರಿದ ಹಲ್ಲಿನ ಮುಖ ತನ್ನ ಕಥೆಯನ್ನು ತಾನೇ ಹೇಳುತ್ತದೆ. ಹಲ್ಲು ಬುಡದಲ್ಲೇ, ಒಳಮೂಲೆಯಲ್ಲೇ ಮುರಿದಿರುತ್ತದೆ, ಏಕೆಂದರೆ ಬಾಗಿಸುವ ಒತ್ತಡವೆಲ್ಲ ಚೂಪಾದ ಒಳಮೂಲೆಯಲ್ಲಿ ಒತ್ತಟ್ಟಾಗುತ್ತದೆ. ಬಿರುಕಿನ ಒಂದು ಭಾಗ ಗ್ರೀಸಿನಿಂದ ಕಪ್ಪಾಗಿದ್ದರೆ ಅದು ಹಳೆಯದು, ತಿಂಗಳು ವರ್ಷಗಳ ಕಾಲ ಇಷ್ಟಿಷ್ಟೇ ಬೆಳೆದದ್ದು. ಉಳಿದ ಭಾಗ ಶುಚಿಯಾಗಿ ಬೆಳ್ಳಗಿದ್ದರೆ ಅದು ಕೊನೆಯ ದಿನ ಒಮ್ಮೆಲೇ ಮುರಿದದ್ದು. ಚಕ್ರವೇ ಅಡ್ಡಕ್ಕೆ ಸೀಳಿದ್ದರೆ, ಅಚ್ಚಿನೊಳಗೆ ಎರಡು ಕಡೆಯಿಂದ ಹರಿದು ಬಂದ ಕರಗಿದ ಪ್ಲಾಸ್ಟಿಕ್ಕು ಕೂಡಿಕೊಂಡ ಗೆರೆಯ ಮೇಲೆ ಸೀಳಿದೆಯೇ ನೋಡಬೇಕು. ಅಚ್ಚಿನಲ್ಲಿ ಎರೆದ ತುಂಡಿನ ಅತಿ ದುರ್ಬಲ ಜಾಗ ಅದು.

ಈ ಚಕ್ರಗಳು ಸಾಮಾನ್ಯವಾಗಿ ನೈಲಾನ್ ಅಥವಾ ಅಸಿಟಾಲ್. ಅಮೆರಿಕದ ಡ್ಯೂಪಾಂಟ್ ಕಂಪನಿಯಲ್ಲಿ ವಾಲೇಸ್ ಕರೋದರ್ಸ್ ತಂಡ ನೈಲಾನ್ 66 ತಯಾರಿಸಿದ್ದು 1935ರಲ್ಲಿ. ಅಸಿಟಾಲ್ ಅದೇ ಕಂಪನಿಯಿಂದ ಡೆಲ್ರಿನ್ ಎಂಬ ಹೆಸರಿನಲ್ಲಿ 1960ರ ಹೊತ್ತಿಗೆ ಮಾರುಕಟ್ಟೆಗೆ ಬಂತು. ಉಕ್ಕಿನ ವರ್ಮಿನ ಎದುರು ಇವು ಸದ್ದಿಲ್ಲದೆ ಜಾರುತ್ತವೆ, ತುಕ್ಕು ಹಿಡಿಯುವುದಿಲ್ಲ.

ನೈಲಾನಿಗೆ ಹೆಚ್ಚು ಜನಕ್ಕೆ ತಿಳಿಯದ ಗುಣವೊಂದಿದೆ: ಅದು ನೀರು ಕುಡಿಯುತ್ತದೆ. ಸಾಧಾರಣ ತೇವದ ಗಾಳಿಯಲ್ಲಿ ನೈಲಾನ್ 66 ತನ್ನ ತೂಕದ ಸುಮಾರು ಶೇ. 2.5ರಷ್ಟು ನೀರನ್ನು ಹೀರಿಕೊಂಡಿರುತ್ತದೆ. ಉದ್ದನೆಯ ಅಣುಸರಪಳಿಗಳು ಹೈಡ್ರೋಜನ್ ಬಂಧಗಳಿಂದ ಒಂದಕ್ಕೊಂದು ಅಂಟಿಕೊಂಡಿರುವಲ್ಲಿ ನೀರಿನ ಅಣು ನುಗ್ಗಿ ಆ ಹಿಡಿತವನ್ನು ಸಡಿಲಿಸುತ್ತದೆ. ಸರಪಳಿಗಳು ಅಲುಗಾಡಬಲ್ಲವಾದಾಗ ವಸ್ತು ಪೆಟ್ಟು ತಿಂದರೂ ಬಾಗಿ ಉಳಿಯುತ್ತದೆ. ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಕಾವು 60 ಡಿಗ್ರಿ ದಾಟುವುದುಂಟು. ಆ ಒಣಬಿಸಿಯಲ್ಲಿ ನೀರು ಹೊರಟುಹೋಗುತ್ತದೆ, ನೈಲಾನು ಕುಗ್ಗಿ ಪೆಡಸಾಗುತ್ತದೆ. ಹೋದ ನೀರು ತೇವದ ದಿನಗಳಲ್ಲಿ ಮರಳಬಹುದು. ಶಾಖ ಮತ್ತು ಆಮ್ಲಜನಕ ಸೇರಿ ಕಡಿದ ಸರಪಳಿಗಳು ಮಾತ್ರ ಮರಳುವುದಿಲ್ಲ.

ಬಳಸುವವರ ಅಭ್ಯಾಸವೂ ಹಲ್ಲನ್ನು ಮುರಿಯುತ್ತದೆ. ಹೆಡ್‌ರೆಸ್ಟು ತುದಿ ಮುಟ್ಟಿದ್ದನ್ನು ತಿಳಿಸುವ ವ್ಯವಸ್ಥೆ ಇಂಥ ಹಲವು ಯಂತ್ರಗಳಲ್ಲಿಲ್ಲ. ಮುಟ್ಟಿದ ಮೇಲೂ ಗುಂಡಿ ಬಿಡದಿದ್ದರೆ ಮೋಟರಿನ ಪೂರ್ತಿ ತಿರುಚುಬಲ ಆಗ ಕಚ್ಚಿಕೊಂಡಿರುವ ಒಂದೆರಡು ಹಲ್ಲಿನ ಮೇಲೆ ಬೀಳುತ್ತದೆ. ಪ್ರತಿಸಲವೂ ಅದೇ ತುದಿ, ಅದೇ ಹಲ್ಲು. ಮುರಿದ ಹಲ್ಲುಗಳು ಚಕ್ರದ ಒಂದೇ ಕಡೆ ಗುಂಪಾಗಿ ಕಾಣುವುದು ಹೀಗೆ.

ಸರಿಪಡಿಸುವುದು

ಮೊದಲ ಆಸೆ ಅಂಟು. ಅಸಿಟಾಲಿನ ಮೇಲ್ಮೈಗೆ ಸಾಮಾನ್ಯ ಅಂಟುಗಳು ಕಚ್ಚುವುದೇ ಇಲ್ಲ. ನೈಲಾನಿಗೆ ಅಂಟಿಸಿದರೂ ಹಲ್ಲಿನ ಬುಡದ ಒತ್ತಡಕ್ಕೆ ಅದು ನಿಲ್ಲದು. ಎರಡನೆಯ ಆಸೆ ಲೇತಿನವರ ಹತ್ತಿರ ಹಿತ್ತಾಳೆಯ ಚಕ್ರ ಮಾಡಿಸುವುದು. ಇಲ್ಲಿ ಸ್ವಲ್ಪ ಯೋಚಿಸಬೇಕು. ಸರಣಿಯಲ್ಲಿ ಅತಿ ದುರ್ಬಲ ತುಂಡು ಇರಲೇಬೇಕು, ಅದು ಎಲ್ಲಿರಬೇಕು ಎಂಬುದಷ್ಟೇ ನಮ್ಮ ಆಯ್ಕೆ. ಚಕ್ರವನ್ನು ಲೋಹ ಮಾಡಿದರೆ ಮುಂದಿನ ಪೆಟ್ಟು ಕೇಬಲಿಗೋ ಅಡ್ಡಪಟ್ಟಿಗೋ ಮೋಟರಿಗೋ ಬೀಳುತ್ತದೆ, ಮತ್ತು ಅವು ಚಕ್ರಕ್ಕಿಂತ ದುಬಾರಿ. ಅಡ್ಡಪಟ್ಟಿ, ತೋಳು, ಕ್ಲಿಪ್ಪುಗಳಂಥ ಸ್ಥಿರ ತುಂಡುಗಳಿಗೆ ಲೋಹದ ಬಲ ಕೊಡುವುದು ಜಾಣತನ. ಹಲ್ಲಿರುವ ಚಕ್ರಕ್ಕೆ ಪ್ಲಾಸ್ಟಿಕ್ಕೇ ಸರಿ.

ಗುಜರಿಯಲ್ಲಿ ಸಿಗುವ ಅದೇ ಮಾದರಿಯ ಚಕ್ರಕ್ಕೂ ಅಷ್ಟೇ ವಯಸ್ಸಾಗಿರುತ್ತದೆ ಎಂಬುದನ್ನು ಮರೆಯಬಾರದು. 3ಡಿ ಪ್ರಿಂಟರಿನಲ್ಲಿ ಹೊಸದನ್ನು ಮುದ್ರಿಸಬಹುದು, ಆದರೆ ಎಲ್ಲ ಕಡೆ ಸಿಗುವ ಪಿಎಲ್ಎ ಬೇಡ. ಅದು 60 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಬಿಸಿಲಿನ ಕಾರಿನಲ್ಲಿ ಒಂದು ಬೇಸಿಗೆಯನ್ನೂ ಕಾಣದು. ನೈಲಾನಿನಲ್ಲೇ ಮುದ್ರಿಸಬೇಕು, ಹಲ್ಲನ್ನು ಬಾಗಿಸುವ ಬಲ ಪದರಗಳನ್ನು ಒಂದರಿಂದೊಂದು ಬಿಡಿಸದಂತೆ ಚಕ್ರವನ್ನು ಮಟ್ಟಸವಾಗಿ ಮಲಗಿಸಿ ಮುದ್ರಿಸಬೇಕು. ಹೊಸ ನೈಲಾನ್ ಚಕ್ರವನ್ನು ಜೋಡಿಸುವ ಮುಂಚೆ ಬಿಸಿನೀರಿನಲ್ಲಿ ನೆನೆಸಿಡುವುದು ಒಳ್ಳೆಯದು. ಕಾರ್ಖಾನೆಗಳಲ್ಲೂ ಹೀಗೆ ತೇವ ಕೊಟ್ಟು ಹದ ಮಾಡುವ ಕ್ರಮವಿದೆ. ನೀರು ಕುಡಿದ ನೈಲಾನು ಕೊಂಚ ಹಿಗ್ಗುವುದರಿಂದ, ನೆನೆಸಿದ ಮೇಲೆಯೇ ಅಳತೆ ನೋಡಿ.

ಕೇಬಲ್ ಜಾರಿದ್ದರೆ ಕೆಲಸ ಸಲೀಸು. ಬಾಗುವ ಕೇಬಲೆಂದರೆ ಉಕ್ಕಿನ ತಂತಿಯನ್ನು ಒಂದು ಪದರ ಬಲಕ್ಕೆ, ಮುಂದಿನದು ಎಡಕ್ಕೆ ಎಂದು ಸುತ್ತಿ ಮಾಡಿದ ಹಗ್ಗ. ಯಾವ ಕಡೆ ತಿರುಚಿದರೂ ಪದರಗಳು ಪರಸ್ಪರ ಬಿಗಿದುಕೊಂಡು ಬಲವನ್ನು ದಾಟಿಸುತ್ತವೆ. ಅದರ ಚೌಕ ತುದಿ ಮೋಟರಿನ ಚೌಕ ಗುಳಿಯಲ್ಲಿ ಕೂರುತ್ತದೆ. ಹೊರಗಿನ ಪ್ಲಾಸ್ಟಿಕ್ ಕೊಳವೆಯ ಉದ್ದ ಕೆಲವು ಮಿಲಿಮೀಟರ್ ಬದಲಾದರೆ ಸಾಕು, ತುದಿ ಗುಳಿಯಿಂದ ಹೊರಗೆ ಬಂದು ಮೋಟರು ಬರಿದೇ ತಿರುಗುತ್ತದೆ. ಕೊಳವೆಯನ್ನು ಸರಿಯಾದ ಉದ್ದಕ್ಕೆ ತಂದು ತುದಿಯನ್ನು ಆಳಕ್ಕೆ ಕೂರಿಸಿದರೆ ಬಲ ಮತ್ತೆ ಹರಿಯುತ್ತದೆ.

ಸಿಕ್ಕಿಹಾಕಿಕೊಳ್ಳುವ ಕಾಯಿಲೆಗೆ ಮೂಲ ಹೆಚ್ಚಾಗಿ ಓರೆ. ಹಳೆಯ ಮರದ ಮೇಜಿನ ಅಗಲವಾದ ಡ್ರಾಯರನ್ನು ಒಂದೇ ಮೂಲೆಯಿಂದ ಎಳೆದರೆ ಅದು ಓರೆಯಾಗಿ ಕಚ್ಚಿಕೊಳ್ಳುತ್ತದಲ್ಲ, ಹೆಡ್‌ರೆಸ್ಟಿನ ಎರಡು ಕಾಲುಗಳಿಗೂ ಅದೇ ಗತಿ. ಒಂದು ಬದಿಯ ಪ್ಲಾಸ್ಟಿಕ್ ತೋಳು ಒಡೆದರೆ ಕಾಲು ವಾಲುತ್ತದೆ, ವಾಲಿದಷ್ಟೂ ಗೋಡೆಗೆ ಒತ್ತುತ್ತದೆ, ಒತ್ತಿದಷ್ಟೂ ಘರ್ಷಣೆ ಏರುತ್ತದೆ. ಒಂದು ಮಿತಿಯ ಆಚೆ ಮೋಟರಿನ ಬಲ ಹೆಚ್ಚಿದಂತೆ ಹಿಡಿತವೂ ಹೆಚ್ಚುವುದರಿಂದ ಎಷ್ಟು ಬಲ ಹಾಕಿದರೂ ಅದು ಕದಲದು. ದೊಡ್ಡ ಮೋಟರು ಇದಕ್ಕೆ ಮದ್ದಲ್ಲ. ತೋಳುಗಳನ್ನು ಜೋಡಿಯಾಗಿಯೇ ಬದಲಿಸಿ, ಎರಡು ಕಾಲೂ ಒಂದೇ ಎತ್ತರದಲ್ಲಿವೆಯೇ ಎಂದು ಸ್ಕೇಲಿಟ್ಟು ನೋಡಿ ಜೋಡಿಸಬೇಕು.

ಹಳೆಯ ಗ್ರೀಸಿನ ಮೇಲೆ ಹೊಸದನ್ನು ಬಳಿಯಬೇಡಿ. ಪೂರ್ತಿ ತೆಗೆದು, ಪ್ಲಾಸ್ಟಿಕ್ಕಿಗೆ ಹೊಂದುವ ಸಿಂಥೆಟಿಕ್ ಗ್ರೀಸನ್ನು ತೆಳುವಾಗಿ ಹಚ್ಚಿ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಆ ದಿನಕ್ಕೆ ಓಡುತ್ತದೆ, ಆದರೆ ಅದು ಬೇಗ ಆವಿಯಾಗಿ, ಉಳಿದಿದ್ದ ಗ್ರೀಸನ್ನೂ ತೊಳೆದುಕೊಂಡು ಹೋಗಿರುತ್ತದೆ.

ಕೊನೆಯ ಹೊಂದಾಣಿಕೆ

ಹಲಗೆ ಮುಚ್ಚುವ ಮೊದಲು ಒಂದು ಸಲ ಪೂರ್ತಿ ಏರಿಸಿ ಇಳಿಸಿ ನೋಡಿ. ಸದ್ದು ಉದ್ದಕ್ಕೂ ಒಂದೇ ಶ್ರುತಿಯಲ್ಲಿದ್ದರೆ ಎಲ್ಲೂ ಬಿಗಿಯಿಲ್ಲ. ನಡುವೆ ಸದ್ದು ಇಳಿದರೆ ಮೋಟರು ಅಲ್ಲಿ ಹೆಣಗುತ್ತಿದೆ, ಆ ಜಾಗವನ್ನು ಮತ್ತೆ ಬಿಚ್ಚಿ ನೋಡಬೇಕು. ತುದಿ ಮುಟ್ಟಿದ ಕೂಡಲೇ ಗುಂಡಿ ಬಿಡುವ ಅಭ್ಯಾಸವನ್ನು ಮನೆಯಲ್ಲಿ ಕಾರು ಓಡಿಸುವ ಎಲ್ಲರಿಗೂ ಹೇಳಿಕೊಡಿ.

ಆಮೇಲೆ ಓಡಿಸುವವರೇ ಸೀಟಿನಲ್ಲಿ ಕೂತು, ಬೆನ್ನನ್ನು ಒರಗಿಸಿ, ಹೆಡ್‌ರೆಸ್ಟಿನ ಮೇಲಂಚು ತಲೆಯ ನೆತ್ತಿಯ ಮಟ್ಟಕ್ಕೆ ಬರುವವರೆಗೆ ಏರಿಸಬೇಕು. ಅಷ್ಟು ಏರದ ಹಳೆಯ ಸೀಟಾದರೆ ಕಿವಿಯ ಮೇಲ್ಭಾಗಕ್ಕಿಂತ ಕೆಳಗಂತೂ ಇರಬಾರದು. ತಲೆಗೂ ದಿಂಬಿಗೂ ನಡುವಿನ ಅಂತರವನ್ನು ಆದಷ್ಟು ಕಡಿಮೆ ಮಾಡಬೇಕು. ಅಮೆರಿಕದ ಪರಿಷ್ಕೃತ ನಿಯಮ ಮುಂದಿನ ಸೀಟಿಗೆ ಇಟ್ಟಿರುವ ಮಿತಿ 55 ಮಿಲಿಮೀಟರ್. ಸೀಟಿನ ಬೆನ್ನನ್ನು ತೀರಾ ಹಿಂದಕ್ಕೆ ವಾಲಿಸಿದರೆ ಈ ಅಂತರ ಬೆಳೆಯುತ್ತದೆ, ಆದ್ದರಿಂದ ಬೆನ್ನನ್ನು ನೆಟ್ಟಗಿಡುವುದೂ ಈ ಹೊಂದಾಣಿಕೆಯ ಭಾಗವೇ.

ಮೋಟರು ತಿರುಗಿತು, ದಿಂಬು ಏರಿತು ಎಂಬಲ್ಲಿಗೆ ಯಂತ್ರದ ದುರಸ್ತಿ ಮುಗಿಯಿತು. ಶೇ. 10 ಮತ್ತು ಶೇ. 17ರ ನಡುವಿನ ಅಂತರ ಯಂತ್ರದ್ದಾಗಿರಲಿಲ್ಲ, ಅದನ್ನು ಬಳಸದವರದ್ದಾಗಿತ್ತು. ಒಂದೇ ಕಾರನ್ನು ಅಪ್ಪ, ಮಗಳು, ಡ್ರೈವರ್ ಮೂವರು ಓಡಿಸುವ ಮನೆಯಲ್ಲಿ ಮೂರು ಎತ್ತರದ ತಲೆಗಳಿವೆ. ಕನ್ನಡಿಯನ್ನು ತಿರುಗಿಸಿಕೊಳ್ಳುವಷ್ಟೇ ಸಹಜವಾಗಿ ಅವರು ಪ್ರತಿಸಲ ಹೆಡ್‌ರೆಸ್ಟನ್ನೂ ತಮ್ಮ ಎತ್ತರಕ್ಕೆ ತಂದುಕೊಳ್ಳಬೇಕು. ಹಾಗೆ ಮಾಡಲು ಸಾಧ್ಯವಾಗಲಿ ಎಂಬುದೇ ಈ ದುರಸ್ತಿಯ ಉದ್ದೇಶ.